ಬ್ಯಾಡ ಅಂದ ಬಟನ್‌ಗಳ ಖಾತೆ

ನಿಮ್ಮ ಓಣಿಯ ಜಾಲತಾಣದಲ್ಲಿ ಏನೇನಿದೆ ಅಂತ ಯಾರಾದರೂ ಕೇಳಿದರೆ ನಾನು ಸ್ವಲ್ಪ ತಡವರಿಸುತ್ತೇನೆ. ಹಳೆ ಫೋಟೋಗಳಿವೆ. ಲಗ್ನದ ಸುದ್ದಿ, ತೊಟ್ಟಿಲ ಸುದ್ದಿ, ತೀರಿಕೊಂಡವರ ಸುದ್ದಿ ಇವೆ. ಒಮ್ಮೆ ಕಳೆದುಹೋದ ಎಮ್ಮೆಯ ಫೋಟೋ ಕೂಡ ಬಂದಿತ್ತು. ಆದರೆ ನಿಜವಾದ ಮಜಾ ಇರುವುದು ತಾಣದಲ್ಲಲ್ಲ. ತಾಣಕ್ಕೆ ಇದು ಬೇಕು, ಅದು ಬೇಕು ಅಂತ ಜನ ಕೇಳಿ, ನಾವು ಬೇಡ ಅಂದೆವಲ್ಲ, ಆ ವಿಚಾರಗಳಲ್ಲಿ. ಅವಕ್ಕೆ ಬೇರೆ ಕಡತವೇ ಇದೆ. ಹೆಸರು ‘ಬ್ಯಾಡ ಖಾತೆ’. ಕಿರಾಣಿ ಅಂಗಡಿಯ ಉದ್ರಿ ಖಾತೆಯ ಹಾಗೆ ಅದು ಬೆಳೆಯುತ್ತಲೇ ಇದೆ.

ತಾಣ ಯಾಕೆ ಬೇಕಾಯಿತು ಅನ್ನುವುದು ಬಾಗಲಕೋಟೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. 1964ರಲ್ಲಿ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು ಅಡಿಗಲ್ಲು ಹಾಕಿದರು. ಎಷ್ಟೋ ವರ್ಷಗಳ ಮೇಲೆ ನೀರು ನಿಂತಾಗ ಹಿನ್ನೀರು ಘಟಪ್ರಭೆಯ ಪಾತ್ರ ಹಿಡಿದು ಹಳೇ ಬಾಗಲಕೋಟೆಗೆ ಬಂತು. ತಗ್ಗಿನ ಭಾಗ ಮುಳುಗಿತು. ಜನರಿಗೆ ನವನಗರ ಕಟ್ಟಿಕೊಟ್ಟರು. ನವನಗರದಲ್ಲಿ ರಸ್ತೆ ಅಗಲ, ಗಾಳಿ ಜಾಸ್ತಿ. ಆದರೆ ಅಲ್ಲಿ ಓಣಿ ಇಲ್ಲ, ಸೆಕ್ಟರ್ ಇದೆ. ಒಂದೇ ಗೋಡೆಯ ಆಚೆ ಈಚೆ ಇದ್ದವರಲ್ಲಿ ಒಬ್ಬರು ಒಂದು ಸೆಕ್ಟರಿಗೆ ಹೋದರು, ಇನ್ನೊಬ್ಬರು ಇನ್ನೊಂದಕ್ಕೆ. ಕೆಲವರು ವಿದ್ಯಾಗಿರಿಗೆ, ಕೆಲವರು ಹುಬ್ಬಳ್ಳಿಗೆ. ಹುಡುಗರು ಪುಣೆಗೆ, ಬೆಂಗಳೂರಿಗೆ. ನೀರಿಗೆ ಹೋದವುಗಳಲ್ಲಿ ನಮ್ಮ ಓಣಿಯ ಬೇವಿನ ಗಿಡದ ಕಟ್ಟೆಯೂ ಒಂದು. ಪರಿಹಾರದ ಪಟ್ಟಿಯಲ್ಲಿ ಮನೆ ಇತ್ತು, ಬಾವಿ ಇತ್ತು, ಗಿಡವೂ ಇತ್ತು. ಗಿಡದ ಕೆಳಗೆ ಕೂತು ಆಡುವ ಮಾತಿಗೆ ಖಾನೆ ಇರಲಿಲ್ಲ. ಆ ಕಟ್ಟೆಯ ಬದಲಿಗೆ ಈ ತಾಣ.

ನೋಡಿಕೊಳ್ಳುವವರು ನಾವು ನಾಲ್ವರು. ನಾನು. ನಿವೃತ್ತ ಗಣಿತದ ಮಾಸ್ತರು. ಇಳಕಲ್ ಸೀರೆ ಅಂಗಡಿ ನಡೆಸುವ ಅಕ್ಕಾರು. ಮತ್ತೆ ಪುಣೆಯಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು. ಕೋಡ್ ಬರೆಯುವವಳು ಅವಳೇ, ಹಾಗಾಗಿ ಸರ್ಕಾರ ಅವಳದೇ. ನವನಗರದ ಒಂದು ಚಹಾದಂಗಡಿಯಲ್ಲಿ ನಾವು ಮೂವರು ಕೂರುತ್ತೇವೆ, ಅವಳು ಫೋನಿನಲ್ಲಿ ಇರುತ್ತಾಳೆ. ನಿಯಮ ಒಂದೇ. ಬೇಡ ಅಂದರೆ ಕಾರಣ ಬರೆಯಬೇಕು. ಸುಮ್ನೆ ಬೇಡ ಅನ್ನುವಂತಿಲ್ಲ.

ಖಾತೆಯ ಮೊದಲ ಪುಟದಲ್ಲೇ ಪಾಸ್‌ವರ್ಡ್ ಗಲಾಟೆ ಇದೆ. ಪಾಸ್‌ವರ್ಡ್ ಮರೆತವರಿಗೆ ಗುಟ್ಟಿನ ಪ್ರಶ್ನೆ ಇಡೋಣ, ತಾಯಿಯ ತವರುಮನೆಯ ಅಡ್ಡಹೆಸರು ಕೇಳೋಣ ಎಂದು ಒಬ್ಬರು ಬರೆದಿದ್ದರು. ಬೇರೆ ದೇಶದಲ್ಲಿ ಇದು ಗುಟ್ಟು ಇರಬಹುದು. ನಮ್ಮಲ್ಲಿ ತಾಯಿಯ ತವರುಮನೆ ಯಾವುದು ಅನ್ನುವುದು ಮಗನಿಗಿಂತ ಮೊದಲು ಓಣಿಗೆ ಗೊತ್ತಿರುತ್ತದೆ. ಮಗನಿಗೆ ಅನುಮಾನ ಬಂದರೆ ಅವನು ಓಣಿಯವರನ್ನೇ ಕೇಳುತ್ತಾನೆ. ಇನ್ನೊಬ್ಬರು ಒಂದು ಹೆಜ್ಜೆ ಮುಂದೆ ಹೋದರು. “ಪಾಸ್‌ವರ್ಡ್ ಯಾಕ ಬೇಕ್ರಿ? ನೀವು ಯಾರ ಪೈಕಿ ಅಂತ ಕೇಳ್ರಿ. ಹೇಳಿದಂವ ನಮ್ಮಂವ.” ಕೇಳಲು ಎಷ್ಟು ಚೆಂದ! ತಂಗಿಯ ಮಗಳು ಒಂದೇ ಮಾತಲ್ಲಿ ಮುಗಿಸಿದಳು. “ಮಾಮಾ, ಹಂಗ ಮಾಡಿದ್ರ ಇಡೀ ಓಣಿ ಒಬ್ಬರ ಖಾತೆಯೊಳಗ ಬಂದು ಕುಂದರ್ತೈತಿ.”

ಮನುಷ್ಯನೋ ರೋಬೋನೋ ಅಂತ ನೋಡುವ ಪರೀಕ್ಷೆಯ ಕತೆ ಇನ್ನೂ ಚೆನ್ನಾಗಿದೆ. ರೀಕ್ಯಾಪ್ಚಾ ಅನ್ನುತ್ತಾರಲ್ಲ, ಅದು. ಈಗ ಟ್ರಾಫಿಕ್ ಸಿಗ್ನಲ್ ತೋರಿಸಿ ಹುಡುಕಿ ಅನ್ನುತ್ತದೆ. ಶುರುವಿನಲ್ಲಿ ಹಾಗಿರಲಿಲ್ಲ. ಹಳೆ ಪುಸ್ತಕ, ಹಳೆ ಪತ್ರಿಕೆಗಳ ಮಸುಕಾದ ಅಕ್ಷರ ತೋರಿಸುತ್ತಿತ್ತು. ಕಂಪ್ಯೂಟರಿಗೆ ಓದಲು ಬಾರದ್ದನ್ನು ಜನರ ಕೈಲಿ ಪುಕ್ಕಟೆ ಓದಿಸಿ ಅವನ್ನೆಲ್ಲ ಡಿಜಿಟಲ್ ಮಾಡಿಕೊಂಡರು. 2009ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಇದನ್ನು ಎಲ್ಲೋ ಓದಿದ ಒಬ್ಬ ಕಾಕಾ ತಮ್ಮ ಟ್ರಂಕಿನಲ್ಲಿದ್ದ ಅಜ್ಜನ ಲೆಕ್ಕದ ಪುಸ್ತಕಗಳನ್ನೇ ಪರೀಕ್ಷೆಗೆ ಇಡಿ ಎಂದರು. ಅವು ಇರುವುದು ಮೋಡಿ ಲಿಪಿಯಲ್ಲಿ, ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ ಅದು. ನಮ್ಮ ಭಾಗ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು, ಹಾಗಾಗಿ ಇಲ್ಲಿಯ ಹಳೆ ಮನೆಗಳಲ್ಲಿ ಮೋಡಿ ಕಾಗದ ಸಿಗುವುದು ದೊಡ್ಡ ವಿಷಯವಲ್ಲ. ಓದುವವರು ಸಿಗುವುದು ದೊಡ್ಡ ವಿಷಯ. ಈ ಪರೀಕ್ಷೆ ಇಟ್ಟರೆ ಒಳಗೆ ಬರುವವರು ಯಾರು? ಕಾಕಾನಿಗೂ ಮೋಡಿ ಬರುವುದಿಲ್ಲ.

ಆಗ ಅಕ್ಕಾರು ತಮ್ಮದೊಂದು ಸಲಹೆ ಕೊಟ್ಟರು. ಒಂಬತ್ತು ಸೀರೆಗಳ ಚಿತ್ರ ತೋರಿಸಿ, ಅಸಲಿ ಇಳಕಲ್ ಯಾವುವು ಆರಿಸಿ ಅನ್ನಿ. ತೋಪ ತೆನಿ ಸೆರಗು ನೋಡಿದರೆ ಗೊತ್ತಾಗುತ್ತದೆ, ಮೈಗೂ ಸೆರಗಿಗೂ ಕೊಂಡಿ ಹಾಕಿ ಜೋಡಿಸಿದ ಗೆರೆ ನೋಡಿದರೆ ಗೊತ್ತಾಗುತ್ತದೆ, ಇದರಲ್ಲೇನು ಕಷ್ಟ ಅಂತ ಅವರ ವಾದ. ಅಂಗಡಿಯ ಫೋಟೋಗಳನ್ನೇ ಚಹಾದಂಗಡಿಯ ಮೇಜಿನ ಮೇಲೆ ಹರಡಿ ಪರೀಕ್ಷೆ ಮಾಡಿದೆವು. ಅಲ್ಲಿದ್ದ ಹೆಂಗಸರೆಲ್ಲ ಪಾಸು. ಗಂಡಸರೆಲ್ಲ ರೋಬೋ. ಮಾಸ್ತರು ಒಂದು ಟೇಬಲ್ ಕ್ಲಾತನ್ನೂ ಇಳಕಲ್ ಅಂದರು. ಅಕ್ಕಾರು ಇವತ್ತಿಗೂ ಈ ಪರೀಕ್ಷೆ ಸರಿಯಾಗಿಯೇ ಇತ್ತು ಅನ್ನುತ್ತಾರೆ. ಕಾರಣದ ಖಾನೆಯಲ್ಲಿ ‘ಗಂಡಸರಿಗೂ ಪ್ರವೇಶ ಬೇಕು’ ಎಂದು ಬರೆದಿದ್ದೇವೆ.

ಇವೆಲ್ಲ ಸಣ್ಣ ಪುಟ್ಟವು. ನಮ್ಮ ತಲೆ ತಿಂದ ವಿಚಾರ ಮೂರನೇ ಗುರುತಿನದು.

2014ರ ನವೆಂಬರಿನಲ್ಲಿ ವಾಟ್ಸಾಪ್ ನೀಲಿ ಗುರುತು ತಂದಿತು. ಕಳಿಸಿದ್ದನ್ನು ಅವರು ನೋಡಿದರು ಅಂತ ಕಳಿಸಿದವರಿಗೆ ಗೊತ್ತಾಗುವ ಗುರುತು. ಅದರಿಂದ ಎಷ್ಟು ಬೀಗರು ಮಾತು ಬಿಟ್ಟರೋ ದೇವರೇ ಬಲ್ಲ. ಬೇಡವಾದವರು ಅದನ್ನು ಆಫ್ ಮಾಡಿಡುವ ಅನುಕೂಲವನ್ನೂ ಆಮೇಲೆ ಕೊಡಬೇಕಾಯಿತು. ನಮ್ಮ ತಾಣದಲ್ಲೂ ಗುರುತು ಬೇಕು ಅಂತ ಕೆಲವರು, ಬೇಡವೇ ಬೇಡ ಅಂತ ಕೆಲವರು. ಆಗ ಕಿರಾಣಿ ಅಂಗಡಿಯ ಮಾವ ಒಬ್ಬರು ನಡುವಿನ ದಾರಿ ಹೇಳಿದರು. “ಒಂದು ಗುರುತು ಅಂದ್ರ ಮುಟ್ಟೈತಿ. ಎರಡು ಅಂದ್ರ ನೋಡೀನಿ. ಮೂರು ಅಂದ್ರ, ನೋಡೀನಿ ಆದ್ರ ನೋಡಿಲ್ಲ ಅಂತ ತಿಳ್ಕೋರಿ.”

ನಗಬೇಡಿ. ಇದಕ್ಕಿಂತ ಜಾಣ ಮಾತು ಆ ಖಾತೆಯಲ್ಲಿ ಇನ್ನೊಂದಿಲ್ಲ. ಕಟ್ಟೆಯ ಮೇಲೆ ಇದು ದಿನಾ ನಡೆಯುತ್ತಿತ್ತು. ಒಬ್ಬರು ಕೈಗಡ ಕೇಳುತ್ತಾರೆ. ಇನ್ನೊಬ್ಬರು ರಸ್ತೆ ಕಡೆ ನೋಡುತ್ತ “ಮಳಿ ಬರೂ ಹಂಗೈತಿ” ಅನ್ನುತ್ತಾರೆ. ಆಕಾಶದಲ್ಲಿ ಒಂದು ಮೋಡ ಇರುವುದಿಲ್ಲ. ಕೇಳಿದವರಿಗೆ ತಿಳಿಯುತ್ತದೆ. “ಹೌದ ನೋಡ್ರಿ, ಶಕಿ ಭಾಳ ಐತಿ” ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಯಾರೂ ಇಲ್ಲ ಅನ್ನಲಿಲ್ಲ, ಯಾರೂ ಇಲ್ಲ ಅನ್ನಿಸಿಕೊಳ್ಳಲಿಲ್ಲ. ಮರುದಿನ ಅದೇ ಜಾಗದಲ್ಲಿ ಇಬ್ಬರೂ ಕೂತು ಎಲೆ ಅಡಿಕೆ ಹಾಕುತ್ತಾರೆ.

ಹಾಗಾದರೆ ಅದನ್ನೇ ಬಟನ್ ಮಾಡೋಣ ಅಂತ ಮಾಸ್ತರು. ‘ಮಳಿ ಬರೂ ಹಂಗೈತಿ’ ಬಟನ್. ಒತ್ತಿದರೆ ಆ ಪ್ರಶ್ನೆ ಮೆಲ್ಲಗೆ ಪಕ್ಕಕ್ಕೆ ಸರಿಯಬೇಕು. ಚಿಕ್ಕದೊಂದು ಮೋಡದ ಚಿತ್ರ. ತಂಗಿಯ ಮಗಳಿಗೂ ಹುರುಪು ಬಂದು ಪ್ರಯೋಗಕ್ಕೆ ಮಾಡಿಯೇಬಿಟ್ಟಳು. ಏನಾಯಿತು ಹೇಳಿ? ಒಂದು ವಾರದೊಳಗೆ ಆ ಮೋಡದ ಅರ್ಥ ಎಲ್ಲರಿಗೂ ಗೊತ್ತಾಯಿತು. ‘ಇಲ್ಲ’ ಅನ್ನುವುದಕ್ಕಿಂತ ಅದು ಒರಟಾಯಿತು. “ಅಂವ ನನಗ ಮೋಡ ಹಾಕಿದಾ” ಅಂತ ಜಗಳ. ಇಷ್ಟರಲ್ಲಿ ಒಂದು ಸಂಜೆ ನಿಜವಾಗಿಯೂ ಅಡ್ಡಮಳೆ ಬರುವ ಹಾಗಾಯಿತು. ಯಾರೋ ಪಾಪ ಹಪ್ಪಳ ಒಣಹಾಕಿದವರಿಗೆ ಗೊತ್ತಾಗಲಿ ಎಂದು “ಮಳಿ ಬರೂ ಹಂಗೈತಿ” ಅಂತ ಬರೆದರು. ಅವರ ಹತ್ತಿರ ಸಾಲ ಕೇಳಿದ್ದ ಮೂವರು ಕ್ಷಮೆ ಕೇಳಿದರು. ಮರುದಿನವೇ ಬಟನ್ ತೆಗೆದೆವು.

ನನಗೆ ಅನಿಸುವುದು ಇಷ್ಟು. ಕಟ್ಟೆಯಲ್ಲಿ ಮಾತಿಗಿಂತ ಜಾಸ್ತಿ ಕೆಲಸ ಮಾಡುತ್ತಿದ್ದದ್ದು ಕೇಳಿಸದ ಹಾಗೆ ಇರುವುದು. ಕಂಡರೂ ಕಾಣದ ಹಾಗೆ, ನೆನಪಿದ್ದರೂ ಮರೆತ ಹಾಗೆ ಇರುವುದು. ಅದಕ್ಕೆ ಒಂದು ಬಟನ್ ಕೊಟ್ಟ ಕೂಡಲೇ ಅದು ಸತ್ತುಹೋಗುತ್ತದೆ. ಕಂಪ್ಯೂಟರಿಗೆ ಸುಳ್ಳು ಹೇಳಲು ಬರುತ್ತದೆ, ಗೊತ್ತಿಲ್ಲದ ಹಾಗೆ ನಟಿಸಲು ಬರುವುದಿಲ್ಲ. ಬ್ಯಾಡ ಖಾತೆಯಲ್ಲಿರುವ ಅರ್ಧಕ್ಕರ್ಧ ಸಲಹೆಗಳು ಆ ಕಟ್ಟೆಯನ್ನು ವಾಪಸ್ ಕೇಳುವ ಅರ್ಜಿಗಳೇ. ಕೇಳಿದವರಿಗೆ ಅದು ಗೊತ್ತಿಲ್ಲ ಅಷ್ಟೇ.

ಎದ್ದು ಹೋಗುವುದನ್ನೇ ನೋಡಿ. 2022ರ ಆಗಸ್ಟಿನಲ್ಲಿ ವಾಟ್ಸಾಪಿನವರು ಗುಂಪಿನಿಂದ ಸದ್ದಿಲ್ಲದೆ ಹೊರಗೆ ಹೋಗುವ ಸೌಲಭ್ಯ ಪ್ರಕಟಿಸಿದರು. ಅಡ್ಮಿನ್‌ಗೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಹಿರಿಯರಿಗೆ ಇದು ಸರಿ ಬರಲಿಲ್ಲ. “ಹೇಳದ ಎದ್ದು ಹೋಗೂದು ಕಳ್ಳರ ಕೆಲಸ” ಎಂದರು. ಅವರ ಪ್ರಕಾರ ಲಾಗೌಟ್ ಒತ್ತಿದ ಕೂಡಲೇ ತಾಣ “ಈಗ ಬಂದ್ರಿ, ಈಗ ಹೊಂಟ್ರಿ?” ಅನ್ನಬೇಕು. ಮತ್ತೆ ಒತ್ತಿದರೆ “ಚಾ ಇಟ್ಟೇವಿ, ಕುಡದ ಹೋಗ್ರಿ.” ಮೂರನೇ ಸಲ ಒತ್ತಿದರೆ ಬಾಗಿಲವರೆಗೆ ಬಂದು ಬಿಡಬೇಕು. ಬಾಗಿಲಲ್ಲಿ ನಿಂತಾಗ ಹೊಸದೊಂದು ಮಾತು ಶುರುವಾಗಬೇಕು, ಅಂದರೆ ಹೊಸ ಪುಟ ತೆರೆಯಬೇಕು. ನಮ್ಮ ಕಡೆ ‘ಬರ್ತೀನ್ರಿ’ ಅಂದ ಮೇಲೆ ಅರ್ಧ ಗಂಟೆ ಕೂರುವುದು ಮರ್ಯಾದೆ, ನಿಜ.

ತಂಗಿಯ ಮಗಳು ನಕ್ಕಳು. ದೊಡ್ಡ ಕಂಪನಿಗಳು ಈ ವಿದ್ಯೆಯನ್ನು ಯಾವತ್ತೋ ಕಲಿತಿವೆಯಂತೆ. ಖಾತೆ ಮುಚ್ಚಲು ಹೋದರೆ ಫೇಸ್‌ಬುಕ್ ಒಂದು ಕಾಲಕ್ಕೆ ಗೆಳೆಯರ ಫೋಟೋ ಹಾಕಿ, ಇವರು ನಿಮ್ಮನ್ನು ನೆನೆಸಿಕೊಂಡು ಬೇಜಾರಾಗುತ್ತಾರೆ ಅನ್ನುತ್ತಿತ್ತು. ಅಕ್ಕಾರು ಅದನ್ನು ಕೇಳಿ, “ಚಾ ಕೊಡ್ತಾರೇನು?” ಎಂದರು. ಇಲ್ಲ. “ಮತ್ತ?” ವಿಚಾರ ಅಲ್ಲಿಗೆ ಬಿತ್ತು. ನಮ್ಮ ತಾಣವೂ ಚಹಾ ಕೊಡಲಾರದು.

ಬೈಗುಳದ ವಿಚಾರಕ್ಕೆ ಬರುತ್ತೇನೆ. ಊರು ಅಂದ ಮೇಲೆ ಬೈಗುಳ ಇರುತ್ತದೆ. ಇದಕ್ಕೆ ಅಮೆರಿಕದಲ್ಲಿ ಟೆರೇಸಾ ನೀಲ್ಸನ್ ಹೇಡನ್ ಎಂಬ ಸಂಪಾದಕಿ 2002ರಲ್ಲಿ ಒಂದು ಉಪಾಯ ಮಾಡಿದ್ದರು. ಬೈದ ಮಾತನ್ನು ಅಳಿಸುವುದಿಲ್ಲ. ಅದರೊಳಗಿನ ಸ್ವರಾಕ್ಷರ ಮಾತ್ರ ಕಿತ್ತುಹಾಕುತ್ತಾರೆ. ಇಂಗ್ಲಿಷಿನಲ್ಲಿ ಬರೀ ವ್ಯಂಜನ ಉಳಿಯುತ್ತವೆ. ಕಷ್ಟಪಟ್ಟರೆ ಓದಬಹುದು, ಆದರೆ ಅಷ್ಟು ಕಷ್ಟಪಟ್ಟು ಓದುವ ಹೊತ್ತಿಗೆ ಬೈಗುಳ ಆರಿಹೋಗಿರುತ್ತದೆ. ಮಾಸ್ತರಿಗೆ ಇದು ಬಹಳ ಇಷ್ಟವಾಯಿತು. ಕನ್ನಡದಲ್ಲಿ ಮಾಡಿ ನೋಡೋಣ ಎಂದರು.

ಕನ್ನಡದಲ್ಲಿ ಸ್ವರ ಕೀಳುವುದು ಅಂದರೆ ಗುಣಿತ ತೆಗೆಯುವುದು. ಇಳಿ, ಕೊಂಬು, ಏತ್ವ ಎಲ್ಲ ಹೋಗಿ ಎಲ್ಲ ಅಕ್ಷರಕ್ಕೂ ತಲಕಟ್ಟು ಬರುತ್ತದೆ. ಒಬ್ಬ ಹುಡುಗ ಇನ್ನೊಬ್ಬನಿಗೆ ಬರೆದಿದ್ದ, “ನಿನಗ ಬುದ್ಧಿ ಇಲ್ಲ.” ಗುಣಿತ ತೆಗೆದೆವು. “ನನಗ ಬದ್ಧ ಇಲ್ಲ” ಆಯಿತು. ಮಾಸ್ತರು ನಕ್ಕ ರಭಸಕ್ಕೆ ಚಹಾ ಚೆಲ್ಲಿತು. ಇನ್ನೊಂದು ತೆಗೆದುಕೊಂಡೆವು. “ನಿನ್ನ ತಲಿ ಕೆಟ್ಟೈತಿ.” ಅದು “ನನ್ನ ತಲ ಕಟ್ಟತ” ಆಯಿತು. ಇಂಗ್ಲಿಷಿನವರಿಗೆ ಈ ಭಾಗ್ಯ ಎಲ್ಲಿ? ನಮ್ಮಲ್ಲಿ ‘ನಿನ್ನ’ದೆಲ್ಲ ತಾನಾಗಿ ‘ನನ್ನ’ದಾಗುತ್ತದೆ. ಬೈದದ್ದು ತಿರುಗಿ ಬೈದವನಿಗೇ ಬರುತ್ತದೆ.

ಜಾರಿಗೆ ತಂದ ಮೊದಲ ದಿನವೇ ಆ ಹುಡುಗ ಬಂದ. ಸಿಟ್ಟಿಗಿಂತ ಜಾಸ್ತಿ ಅಳು ಮುಖ. “ಸರ, ನಾ ಅವಗ ಬೈದಿದ್ದೆ. ನೀವು ನನಗ ನಾನ ಬೈಕೊಂಡಂಗ ಮಾಡೀರಿ. ನಾ ಹೇಳಲಾರದ್ದನ್ನ ನನ್ನ ಹೆಸರಿನಾಗ ಹಾಕೀರಿ.” ಮಾತು ನ್ಯಾಯವಾಗಿತ್ತು. ಬೈಗುಳ ಅಳಿಸುವುದು ಬೇರೆ, ಒಬ್ಬನ ಬಾಯಲ್ಲಿ ಬೇರೆ ಮಾತು ತುರುಕುವುದು ಬೇರೆ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಊರೆಲ್ಲ ತಿರುಗಿತ್ತು. ಖಾತೆಯಲ್ಲಿ ಸೇರಿದ ವಿಚಾರಗಳಲ್ಲಿ ನನಗೆ ಇವತ್ತಿಗೂ ಹೊಟ್ಟೆ ಉರಿಸುವುದು ಇದೊಂದೇ.

ರಾತ್ರಿ ಹೊತ್ತಿನ ಬರಹಕ್ಕೆ ತಡೆ ಹಾಕಬೇಕು ಅನ್ನುವ ಸಲಹೆಯೂ ಬಂತು. ಹನ್ನೊಂದರ ಮೇಲೆ ಬರೆದದ್ದರಲ್ಲಿ ಮರುದಿನ ನಾಚಿಕೆಯಾಗದ ಬರಹ ಕಡಿಮೆ, ಅಲ್ವಾ? ಜಿಮೇಲಿನ ಹುಡುಗರು 2008ರಲ್ಲಿ ಮೇಲ್ ಗಾಗಲ್ಸ್ ಅನ್ನುವ ಪ್ರಯೋಗ ಮಾಡಿದ್ದರು. ವಾರದ ಕೊನೆಯ ರಾತ್ರಿಗಳಲ್ಲಿ ಮೇಲ್ ಕಳಿಸಬೇಕಾದರೆ ಮೊದಲು ಕೆಲವು ಸುಲಭ ಲೆಕ್ಕ ಬಿಡಿಸಬೇಕು. ತಲೆ ನೆಟ್ಟಗಿದೆಯೋ ಇಲ್ಲವೋ ಅಂತ ನೋಡಲು. ನಾವು ಹದಿನೇಳರ ಮಗ್ಗಿ ಇಡೋಣ ಅಂದುಕೊಂಡೆವು. ಆದರೆ ನಮ್ಮ ತಾಣದಲ್ಲಿ ರಾತ್ರಿ ಎರಡು ಗಂಟೆಗೆ ಪರಿಹಾರದ ಹಣದ ಬಗ್ಗೆ ಉದ್ದುದ್ದ ಬರೆಯುವವರು ಯಾರು? ನಮ್ಮ ಗಣಿತದ ಮಾಸ್ತರು ಮತ್ತು ಅವರ ವಾರಗೆಯವರು. ಹದಿನೇಳರದು ಬಿಡಿ, ಒಂದೂಕಾಲಿನ ಮಗ್ಗಿಯನ್ನೂ ನಿದ್ದೆಯಲ್ಲಿ ಹೇಳುವ ಜನ. ಗುಡ್ ನೈಟ್ ಹೇಳಲು ಬಂದ ಹುಡುಗರು ಮಾತ್ರ ಹೊರಗೆ ನಿಂತರು.

ಕಳಿಸಿದ್ದನ್ನು ಹಿಂದಕ್ಕೆ ಕರೆಯುವ ಬಟನ್ ಮಾತ್ರ ಒಪ್ಪಿಕೊಂಡೆವು. ಅದೂ ಜಿಮೇಲಿನದೇ. 2009ರಲ್ಲಿ ಪ್ರಯೋಗಕ್ಕೆ ಬಂದು 2015ರಲ್ಲಿ ಎಲ್ಲರಿಗೂ ಸಿಕ್ಕಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಕಲಿತವರಿಗೆ ಇದು ದೊಡ್ಡ ಪವಾಡ. ಆದರೆ ಒಳಗೆ ನಡೆಯುವುದು ಇಷ್ಟೇ. ಕೆಲವು ಸೆಕೆಂಡು ಅದನ್ನು ಕಳಿಸದೆ ಹಿಡಿದಿಟ್ಟುಕೊಂಡಿರುತ್ತದೆ. “ಅಂದ್ರ ವಾಪಸ್ ತಗೊಳ್ಳೂದಲ್ಲ, ತುಟಿ ಮ್ಯಾಲ ಬಂದದ್ದನ್ನ ತಡಕೊಳ್ಳೂದು” ಎಂದರು ಮಾಸ್ತರು. ಅವರಿಗೆ ಅದು ಬಹಳ ಉಪಯೋಗವಾಗುತ್ತಿದೆ.

ಅತಿಯಾಗಿ ಕಾಡುವವರ ಬರಹ ಅವರಿಗೆ ಮಾತ್ರ ಕಾಣಬೇಕು, ಬೇರೆ ಯಾರಿಗೂ ಕಾಣಬಾರದು ಅನ್ನುವ ಉಪಾಯ ಬೇರೆ ತಾಣಗಳಲ್ಲಿ ಹಳೆಯದು. ಅವರು ಬರೆಯುತ್ತಲೇ ಇರುತ್ತಾರೆ, ಉತ್ತರ ಮಾತ್ರ ಬರುವುದಿಲ್ಲ. ಇದನ್ನು ಚರ್ಚೆಗೆ ಇಟ್ಟಾಗ ಪಕ್ಕದ ಮೇಜಿನಲ್ಲಿ ಕೂತಿದ್ದ ಹಿರಿಯರೊಬ್ಬರು, “ಅದು ನಮ್ಮ ಮನ್ಯಾಗ ಆಗಲೇ ನಡದೈತ್ರಿ” ಎಂದರು. ಕನಿಕರದಿಂದ ಕೈಬಿಟ್ಟೆವು.

ಹಣ ತೆಗೆದುಕೊಳ್ಳುವ ಮಾತೂ ಒಮ್ಮೆ ಬಂತು. ಅಮೆರಿಕದ ಮೆಟಾಫಿಲ್ಟರ್ ಅನ್ನುವ ತಾಣ 2004ರಿಂದ ಹೊಸಬರಿಗೆ 5 ಡಾಲರ್ ಪ್ರವೇಶ ಇಟ್ಟಿತು. ಜಗಳಗಂಟರು ದುಡ್ಡು ಕೊಟ್ಟು ಬರುವುದಿಲ್ಲ ಅನ್ನುವ ಲೆಕ್ಕ. ನಾವು 5 ರೂಪಾಯಿ ಇಡಬಹುದಿತ್ತು. ಆದರೆ ಹಣ ಬಂದರೆ ಖಜಾಂಚಿ ಬೇಕು. ಖಜಾಂಚಿ ಬಂದರೆ ಲೆಕ್ಕ ಕೇಳುವವರು ಬರುತ್ತಾರೆ. ಲೆಕ್ಕ ಕೇಳಿದರೆ ಎರಡು ಗುಂಪು. ಎರಡು ಗುಂಪಾದರೆ ಎರಡು ಗಣಪತಿ. ಬೇಡಪ್ಪ.

ಹೋಳಿಯ ಸಲಹೆಗಳಿಗೆ ಖಾತೆಯಲ್ಲಿ ಬೇರೆ ಪುಟಗಳೇ ಇವೆ. ಬಾಗಲಕೋಟೆಯ ಹೋಳಿ ಅಂದರೆ ಸುಮ್ನೆ ಅಲ್ಲ. ಹಲಗೆಯ ಸದ್ದು ಹಬ್ಬಕ್ಕೆ ಎಷ್ಟೋ ದಿನ ಮೊದಲೇ ಶುರುವಾಗುತ್ತದೆ. ಬಣ್ಣದಾಟ ಮೂರು ದಿನ. ಬ್ಯಾರಲ್‌ಗಳಲ್ಲಿ ಬಣ್ಣ ತುಂಬಿಕೊಂಡು ಬಂಡಿಗಳು, ಈಗ ಟ್ರ್ಯಾಕ್ಟರ್‌ಗಳು, ಕಿಲ್ಲಾ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಅಂತ ಊರಿನ ಪೇಟೆಗಳನ್ನೆಲ್ಲ ಸುತ್ತುತ್ತವೆ. ಹಾಗಾಗಿ ತಾಣದಲ್ಲೂ ಮೂರು ದಿನ ಯಾರು ಬೇಕಾದರೂ ಯಾರ ಫೋಟೋಕ್ಕೆ ಬೇಕಾದರೂ ಬಣ್ಣ ಎರಚುವಂತಿರಬೇಕು, ತೆರೆದ ಕೂಡಲೇ ಹಲಗೆ ಕೇಳಿಸಬೇಕು ಎಂದು ಹುಡುಗರು. ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗಿಗೆ ಕೂತವನ ಜೇಬಿನಿಂದ ಹಲಗೆ ಕೇಳಿಸಿದರೆ ಏನಾದೀತು ಅಂತ ನಾವು ಯೋಚಿಸುತ್ತಿದ್ದೆವು. ಅಕ್ಕಾರು ಬೇರೆಯೇ ಪ್ರಶ್ನೆ ಕೇಳಿದರು. “ಬೀದ್ಯಾಗ ಆದ್ರ ಬ್ಯಾಡಾದವರು ಬಾಗಲಾ ಹಾಕ್ಕೊಂಡು ಒಳಗ ಕುಂದರ್ತೀವಿ. ಇದರಾಗ ಬಾಗಲಾ ಎಲ್ಲೈತಿ?” ಹುಡುಗರ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹತ್ತಿರವೂ ಇರಲಿಲ್ಲ.

ಅದರ ಬೆನ್ನಿಗೆ ಬಂದದ್ದು ಲಬೋ ಬಟನ್. ಕಾಮಣ್ಣನನ್ನು ಸುಡುವಾಗ ಬಾಯಿ ಮೇಲೆ ಕೈ ಬಡಿದುಕೊಂಡು ಲಬೋ ಲಬೋ ಅಂತ ಹೊಯ್ಕೊಳ್ಳುತ್ತೇವಲ್ಲ, ಅದು. ಫೇಸ್‌ಬುಕ್ 2016ರ ಫೆಬ್ರುವರಿಯಲ್ಲಿ ಲೈಕಿನ ಜೊತೆಗೆ ನಗು, ಅಳು, ಸಿಟ್ಟು ಎಲ್ಲ ಕೊಟ್ಟಿತು. ‘ಇಷ್ಟವಿಲ್ಲ’ ಮಾತ್ರ ಕೊಡಲಿಲ್ಲ. ಯೂಟ್ಯೂಬಿನಲ್ಲಿ ಅದು ಇತ್ತು, 2021ರ ನವೆಂಬರಿನಲ್ಲಿ ಅವರೂ ಅದರ ಸಂಖ್ಯೆಯನ್ನು ಮುಚ್ಚಿಟ್ಟರು. ನಾವು ಧೈರ್ಯವಾಗಿ ಲಬೋ ಇಡೋಣ ಎಂದು ಸಲಹೆ. ಒತ್ತಿದರೆ ಸದ್ದೂ ಬರಬೇಕು. ನಮ್ಮ ತಾಣದಲ್ಲಿ ಕವಿಗಳು ಜಾಸ್ತಿ. ಬಹುಮತದಿಂದ ಬಿದ್ದುಹೋಯಿತು.

ಸೋತವರು ಕೊನೆಗೆ “ಹಂಗಾದ್ರ ನಮ್ಮ ಠ ನಾದ್ರೂ ಇಡ್ರಿ” ಎಂದರು. ನಿಮಗೆ ಗೊತ್ತಿರಬಹುದು. ಕನ್ನಡದ ಗಂಧವಿಲ್ಲದ ಜನ ಕೂಡ ರೆಡಿಟ್ ಮುಂತಾದ ಕಡೆ ನಮ್ಮ ಠ ಬಳಸುತ್ತಾರೆ. ಎರಡು ಠ, ನಡುವೆ ಒಂದು ಗೆರೆ. ಠ_ಠ. ದಿಟ್ಟಿಸಿ ನೋಡುವ ಎರಡು ಕಣ್ಣು, ‘ಏನಪ್ಪಾ ಇದು’ ಅನ್ನುವ ಮುಖ. ನಮ್ಮ ಅಕ್ಷರ ಲೋಕವೆಲ್ಲ ತಿರುಗುತ್ತಿದೆ, ನಮ್ಮ ತಾಣದಲ್ಲೇ ಇಲ್ಲ ಅಂದರೆ ಹೇಗೆ? ಮಾಸ್ತರು ಕನ್ನಡಕ ಸರಿಮಾಡಿಕೊಂಡು ಸಲಹೆ ಕೊಟ್ಟವನನ್ನು ನೋಡಿದರು. ಥೇಟ್ ಅದೇ ಮುಖ. ಇನ್ನು ಬಟನ್ ಯಾಕೆ?

ಒಂದು ಸಲಹೆ ಮಾತ್ರ ತಮಾಷೆಗೆ ಬಂದು ತಮಾಷೆಯಾಗಿ ಉಳಿಯಲಿಲ್ಲ. ತಾಣದ ಬದಿಯಲ್ಲಿ ಆಲಮಟ್ಟಿಯ ನೀರಿನ ಮಟ್ಟ ತೋರಿಸಬೇಕು ಎಂದು ಒಬ್ಬ ಎಂಜಿನಿಯರಿಂಗ್ ಹುಡುಗ ಬರೆದಿದ್ದ. ಪೂರ್ತಿ ಮಟ್ಟ 519.60 ಮೀಟರ್. ಮಳೆಗಾಲದಲ್ಲಿ ನೀರು ಏರಿದಂತೆ ತಾಣದ ಹಳೆ ಬರಹಗಳು ಕೆಳಗಿನಿಂದ ಒಂದೊಂದಾಗಿ ಮುಳುಗಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ಕಾಣಬೇಕು. ಹಿನ್ನೀರು ಸರಿದಾಗ ಹಳೆ ಗೋಡೆಗಳ ಬುಡ ಕಾಣುತ್ತವಲ್ಲ, ಹಾಗೆ.

ಜನ ಬಿಡುತ್ತಾರೆಯೇ? ಮುಳುಗಿದ ಬರಹಕ್ಕೆ ಪರಿಹಾರ ಎಷ್ಟು ಅಂತ ಒಬ್ಬರು. ಫೋಟೋ ಇದ್ದ ಬರಹಕ್ಕೆ ಜಾಸ್ತಿ ಕೊಡಬೇಕು ಅಂತ ಇನ್ನೊಬ್ಬರು. ಪಂಚನಾಮೆ ಯಾರು ಮಾಡುತ್ತಾರೆ, ಬದಲಿ ಬರಹವನ್ನು ಯಾವ ಸೆಕ್ಟರಿನಲ್ಲಿ ಕೊಡುತ್ತೀರಿ, ಮೂಲೆಯದು ಸಿಗುತ್ತದೆಯೇ? ಅಣ್ಣ ತಮ್ಮ ಕೂಡಿ ಬರೆದದ್ದಾದರೆ ಎರಡು ಪಾಲು ಮಾಡಿ ಎಂದರು. ಮಾಸ್ತರು ಇನ್ನೂ ಒಂದು ಸೇರಿಸಿದರು. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಆಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸಬಹುದು ಎಂದಿದೆ. ಹಾಗಾದರೆ 519.60ಕ್ಕೂ 524.256ಕ್ಕೂ ನಡುವೆ ಇರುವ ಬರಹಗಳ ಗತಿ ಏನು? ಅವು ಮುಳುಗಿಲ್ಲ, ಆದರೆ ಮುಳುಗುತ್ತವೆ ಅಂತಾರೆ. ಯಾವಾಗ ಅಂತ ಹೇಳುವುದಿಲ್ಲ. ಅವನ್ನು ತಿದ್ದಬಹುದೇ? ಅವಕ್ಕೆ ಹೊಸ ಫೋಟೋ ಹಚ್ಚಿದರೆ ಅದು ಲೆಕ್ಕಕ್ಕೆ ಬರುತ್ತದೆಯೇ? ಇದನ್ನು ಓದಿ ನಗದವರಿಲ್ಲ. ಆದರೆ ಒಂದು ಮಾತು ಹೇಳುತ್ತೇನೆ. ಆ ಪ್ರಶ್ನೆಗಳಲ್ಲಿ ಒಂದೂ ಹುಟ್ಟಿಸಿ ಕೇಳಿದ್ದಲ್ಲ. ಎಲ್ಲವನ್ನೂ ಯಾರೋ ಒಬ್ಬರು ಯಾವುದೋ ಕಚೇರಿಯ ಕಿಟಕಿಯಲ್ಲಿ ನಿಂತು ಕೇಳಿದ್ದೇ. ಆಗ ನಗು ಬಂದಿರಲಿಲ್ಲ ಅಷ್ಟೇ.

ಹುಡುಗನ ಕೋಡ್ ತಯಾರಿತ್ತು. ನನಗಂತೂ ಇಡಬೇಕು ಅನಿಸಿತ್ತು. ಅಕ್ಕಾರು ಒಪ್ಪಲಿಲ್ಲ. “ನಮ್ಮ ಮನಿ ಒಮ್ಮೆ ಮುಳುಗಿದ್ದು ಸಾಕು, ವರ್ಷಾ ವರ್ಷಾ ಮುಳುಗಿಸಬ್ಯಾಡ್ರಿ.” ಕಾರಣದ ಖಾನೆಯಲ್ಲಿ ಏನು ಬರೆಯಬೇಕೋ ತಿಳಿಯದೆ ‘ಅಕ್ಕಾರ ಮಾತು’ ಎಂದಷ್ಟೇ ಬರೆದೆವು.

ತೀರಿಕೊಂಡವರ ಸುದ್ದಿಗೆ ಲೈಕ್ ಒತ್ತುವ ಕಾಟ ಎಲ್ಲ ಕಡೆ ಇದೆ. ನಮ್ಮಲ್ಲೂ ಇತ್ತು. ಅಜ್ಜಿ ತೀರಿಕೊಂಡರು ಅಂದರೆ ಕೆಳಗೆ ಹೆಬ್ಬೆರಳು. ಒತ್ತಿದವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ, ನೋಡಿದೆ ಅಂತ ಹೇಳುವುದು ಅಷ್ಟೇ. ಅದರ ಬದಲಿಗೆ ‘ಮಣ್ಣಿಗೆ ಬರ್ತೀನಿ’ ಅಂತ ಒಂದು ಬಟನ್ ಇಡಿ ಎಂದು ಸಲಹೆ ಬಂತು. ಎಷ್ಟು ಜನ ಬರುತ್ತಾರೆ ಅಂತ ಮನೆಯವರಿಗೂ ಗೊತ್ತಾಗುತ್ತದೆ. ಸರಿ ಇದೆ ಅಂತ ನಾವೂ ಅಂದುಕೊಂಡೆವು. ಬೇಡ ಅಂದವರು ಕಿರಾಣಿ ಅಂಗಡಿಯ ಆ ಮಾವ. “ಒತ್ತಿ ಬರಲಿಲ್ಲ ಅಂದ್ರ ಲೆಕ್ಕ ಉಳೀತೈತ್ರಿ. ಒತ್ತಲಾರದ ಬಂದವರ ಲೆಕ್ಕ ಎಲ್ಲಿ ಬರೀತೀರಿ?” ಎಂದರು.

ಹಾಗಾಗಿ ಅಂಥ ಸುದ್ದಿಯಲ್ಲಿ ಈಗ ಒಂದೂ ಬಟನ್ ಇಲ್ಲ. ಹೆಸರು, ಹಳೆ ಓಣಿ, ಈಗಿನ ಸೆಕ್ಟರ್, ಮಣ್ಣು ಎಷ್ಟು ಗಂಟೆಗೆ. ಗಂಟೆ ಮಾತ್ರ ದೊಡ್ಡ ಅಕ್ಷರದಲ್ಲಿ, ವಯಸ್ಸಾದವರಿಗೂ ಕಾಣುವಂತೆ. ಎಲ್ಲರೂ ಮೆಚ್ಚಿಕೊಂಡರು. ಮೆಚ್ಚಿದ ಮರುದಿನವೇ ಹೊಸ ಅರ್ಜಿ ಬಂತು. ಲಗ್ನದ ಸುದ್ದಿಗೂ ಹಾಗೆಯೇ ಮಾಡಬೇಕಂತೆ. “ಅಕ್ಕಿಕಾಳು ಯಾವಾಗ ಅಂತ ಬ್ಯಾಡ, ಅದು ಹೇಳಿದ ಹೊತ್ತಿಗೆ ಎಂದೂ ಆಗಂಗಿಲ್ಲ. ಊಟ ಎಷ್ಟಕ್ಕ ಶುರು ಅನ್ನೂದನ್ನ ದೊಡ್ಡದಾಗಿ ಹಾಕ್ರಿ.” ಮಾಸ್ತರು ಪರವಾಗಿದ್ದಾರೆ. ಮದುಮಕ್ಕಳ ಮನೆಯವರು ಏನಂತಾರೋ ನೋಡಬೇಕು.